ಕಟ್ಟೆ ಚಂದ, ಬಾವಿ ಬರಿದು



ಹೊಸ ಒಡಂಬಡಿಕೆಯ ಇಪ್ಪತ್ತೇಳು ಗ್ರಂಥಗಳಲ್ಲಿ ಸುಳ್ಳು ಪ್ರವಾದಿಗಳ ಪ್ರಸ್ತಾಪ ಹಲವು ಕಡೆ ಬರುತ್ತದೆ. ಸುಳ್ಳು ಪ್ರೇಷಿತರ, ಸುಳ್ಳು ಸಹೋದರರ ಪ್ರಸ್ತಾಪವೂ ಇದೆ. ಆದರೆ ‘ಸುಳ್ಳು ಬೋಧಕರು’ ಎಂಬ ಪದ ಗ್ರೀಕ್ ಮೂಲದಲ್ಲಿ ಒಂದೇ ಒಂದು ಸಲ, ಸಂತ ಪೇತ್ರರ ಎರಡನೆಯ ಪತ್ರದ ಎರಡನೆಯ ಅಧ್ಯಾಯದ ಆರಂಭದಲ್ಲಿ ಮಾತ್ರ ಕಾಣಿಸುತ್ತದೆ. ಆ ಪದಕ್ಕೆ ಅಂಟಿಕೊಂಡೇ ಇನ್ನೊಂದು ಪುಟ್ಟ ಮಾತಿದೆ. ಅಂಥವರು ಹುಟ್ಟಿಕೊಳ್ಳುವುದು ನಿಮ್ಮ ನಡುವೆಯೇ ಎನ್ನುತ್ತಾರೆ ಪತ್ರಕಾರರು. ಎದುರು ಮನೆಯ ಅನ್ಯಧರ್ಮೀಯರ ಮೇಲೆ ಅವರು ಬೆರಳು ತೋರಿಸುತ್ತಿಲ್ಲ. ನಮ್ಮದೇ ಪ್ರಾರ್ಥನೆಯ ಮನೆಯೊಳಗೆ, ನಮ್ಮದೇ ಗ್ರಂಥವನ್ನು ಕೈಯಲ್ಲಿ ಹಿಡಿದು ನಿಂತವರ ಕಡೆಗೆ ನೋಡಿರಿ ಎನ್ನುತ್ತಿದ್ದಾರೆ.

ನಮ್ಮ ಭಾನುವಾರದ ಬಲಿಪೂಜೆಯ ವಾಚನಗಳಲ್ಲಿ ಈ ಅಧ್ಯಾಯ ಬರುವುದಿಲ್ಲ. ಹೀಗಾಗಿ ಎಷ್ಟೋ ಧರ್ಮಕೇಂದ್ರಗಳ ಕುಟುಂಬಗಳು ಇದನ್ನು ಪೀಠದಿಂದ ಒಮ್ಮೆಯೂ ಕೇಳಿರಲಾರವು. ಕೇಳಿದ್ದರೆ, ಅದು ಬೇರೊಬ್ಬರನ್ನು ಬಯ್ಯಲು ಬಳಸಿದ ಬಿಡಿ ವಚನವಾಗಿರುವ ಸಂಭವವೇ ಹೆಚ್ಚು. ಆದುದರಿಂದ ಈ ಎಚ್ಚರಿಕೆಗಳು ಏನು ಹೇಳುತ್ತವೆ, ಏನು ಹೇಳುವುದಿಲ್ಲ, ಅವುಗಳ ಬಲವೆಲ್ಲಿ, ಮಿತಿಯೆಲ್ಲಿ ಎಂಬುದನ್ನು ನಮ್ಮ ನೆಲದ ಅನುಭವದೊಂದಿಗೆ ಇಟ್ಟು ಓದಿ ನೋಡುವುದು ಈ ಬರಹದ ಉದ್ದೇಶ.

ಮೋಡ ಮತ್ತು ಬಾವಿ

ಪೇತ್ರರ ಎರಡನೆಯ ಪತ್ರವನ್ನು ಯೂದನ ಪತ್ರದ ಪಕ್ಕದಲ್ಲಿಟ್ಟು ಓದಬೇಕು. ಯೂದನದು ಕೇವಲ ಇಪ್ಪತ್ತೈದು ವಚನಗಳ ಪತ್ರ. ಅದರ ಬಹುಭಾಗ, ಅದೇ ಉದಾಹರಣೆಗಳು, ಹೆಚ್ಚುಕಡಿಮೆ ಅದೇ ಅನುಕ್ರಮದಲ್ಲಿ ಪೇತ್ರರ ಪತ್ರದ ಎರಡನೆಯ ಅಧ್ಯಾಯದಲ್ಲಿ ಮರಳಿ ಬರುತ್ತವೆ. ಯೂದನ ಪತ್ರವೇ ಮೊದಲಿನದು, ಅದನ್ನು ಮುಂದಿಟ್ಟುಕೊಂಡು ಪೇತ್ರರ ಪತ್ರ ರಚಿತವಾಯಿತು ಎಂಬುದು ಬೈಬಲ್ ವಿದ್ವಾಂಸರಲ್ಲಿ ಹೆಚ್ಚಿನವರ ಅಭಿಪ್ರಾಯ. ಹನೋಕನ ಹೆಸರಿನಲ್ಲಿ ಪ್ರಚಲಿತವಿದ್ದ, ನಮ್ಮ ಬೈಬಲ್ಲಿಗೆ ಸೇರದ ಒಂದು ಗ್ರಂಥದ ಮಾತನ್ನು ಯೂದನು ಉದ್ಧರಿಸುತ್ತಾನೆ. ಪೇತ್ರರ ಪತ್ರ ಅದನ್ನು ಕೈಬಿಡುತ್ತದೆ. ಎಚ್ಚರಿಕೆ ಕೊಡುವವನೂ ತನ್ನ ಆಧಾರಗಳನ್ನು ಜಾಲಿಸಿ ನೋಡಬೇಕೆಂಬ ಪಾಠ ಅಲ್ಲಿಯೇ ಇದೆ.

ಇದಕ್ಕಿಂತ ಮನಮುಟ್ಟುವ ಬದಲಾವಣೆ ಇನ್ನೊಂದಿದೆ. ಯೂದನು ಸುಳ್ಳು ಬೋಧಕರನ್ನು ಮಳೆ ಸುರಿಸದೆ ಗಾಳಿಗೆ ತೇಲಿಹೋಗುವ ಮೋಡಗಳಿಗೆ ಹೋಲಿಸುತ್ತಾನೆ. ಪೇತ್ರರ ಪತ್ರದಲ್ಲಿ ಆ ಮೋಡದ ಜಾಗಕ್ಕೆ ಮೊದಲು ಬರುವುದು ನೀರು ಬತ್ತಿದ ಸೆಲೆ. ಮೋಡ ಮೋಸ ಮಾಡಿದರೆ ರೈತ ಆಕಾಶ ನೋಡಿ ನಿಟ್ಟುಸಿರಿಟ್ಟು ಸುಮ್ಮನಾಗುತ್ತಾನೆ; ಅದು ಅವನ ಕೈಯಲ್ಲಿಲ್ಲ. ಬಾವಿಯಾದರೋ ನಾವೇ ಕೊಡ ಹೊತ್ತು ನಡೆದುಹೋಗುವ ಜಾಗ. ಬಸವಕಲ್ಯಾಣ, ಹುಮನಾಬಾದ ಸೀಮೆಯ ಬೇಸಿಗೆಯನ್ನು ಬಲ್ಲವರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ. ಕೊಹಿನೂರದ ಹೆಣ್ಣುಮಗಳೊಬ್ಬಳು ಏಪ್ರಿಲ್ ಬಿಸಿಲಲ್ಲಿ ಕೊಡ ಹೊತ್ತು ಬಾವಿಗೆ ನಡೆದಾಗ ಅಲ್ಲಿ ಕಟ್ಟೆ ಚಂದವಾಗಿದ್ದು, ಗಡಗಡೆ ಹೊಸದಾಗಿದ್ದು, ಒಳಗೆ ಮಾತ್ರ ಬರೀ ಕಲ್ಲು ಕಂಡರೆ ಅವಳು ಕಳೆದುಕೊಂಡದ್ದು ನೀರನ್ನು ಮಾತ್ರವಲ್ಲ. ನಡೆದ ದಾರಿಯನ್ನು, ಉಳಿದಿದ್ದ ತ್ರಾಣವನ್ನು, ಇನ್ನೊಂದು ಬಾವಿಯ ಮೇಲಿನ ನಂಬಿಕೆಯನ್ನು. ಸುಳ್ಳು ಬೋಧನೆಯ ನಿಜವಾದ ಹಾನಿ ಇದೇ. ಮೋಸಹೋದವನು ಮುಂದೆ ನಿಜವಾದ ಸೆಲೆಯನ್ನೂ ಸಂಶಯದಿಂದ ನೋಡುತ್ತಾನೆ.

ನಮ್ಮ ಬೀದರ ಜಿಲ್ಲೆ ಈ ರೂಪಕಕ್ಕೆ ಎದುರಾಗಿ ಮತ್ತೊಂದನ್ನು ಕೊಡುತ್ತದೆ. ಬಹಮನಿ ಸುಲ್ತಾನರ ಕಾಲದಲ್ಲಿ, 15ನೆಯ ಶತಮಾನದಲ್ಲಿ, ಬೀದರಿನ ನೌಬಾದಿನಲ್ಲಿ ಕೆಂಪು ಜಂಬಿಟ್ಟಿಗೆಯ ನೆಲದಡಿ ಕರೇಜ್ ಎಂಬ ಸುರಂಗ ಕಾಲುವೆಯನ್ನು ಕೊರೆದರು. ಎತ್ತರದ ತಾಯಿಬಾವಿಯ ನೀರು ಇಳಿಜಾರಿನಲ್ಲಿ ತಾನಾಗಿಯೇ ಹರಿದುಬರುತ್ತದೆ. ದಾರಿಯುದ್ದಕ್ಕೂ ಗಾಳಿ ಬೆಳಕಿಗೆಂದು ತೋಡಿದ ಬಾವಿಗಳಿಂದ ಜನ ಅದೇ ನೀರನ್ನು ಸೇದುತ್ತಾರೆ. ಮೇಲೆ ನಿಂತು ನೋಡುವವನಿಗೆ ವೈಭವ ಏನೂ ಕಾಣದು. ಕಾಲಾಂತರದಲ್ಲಿ ಹೂಳು ತುಂಬಿತ್ತು. 2010ರ ನಂತರದ ವರ್ಷಗಳಲ್ಲಿ ಹೂಳೆತ್ತುವ ಕೆಲಸ ನಡೆಯಿತು. ಪ್ರೇಷಿತರಿಂದ ಹರಿದುಬಂದ ಬೋಧನೆಯನ್ನು ಧರ್ಮಸಭೆ ‘ಪರಂಪರೆ’ ಎನ್ನುವಾಗ ನನಗೆ ನೆನಪಾಗುವುದು ಈ ಕರೇಜ್. ಬೋಧಕನು ನೀರಿನ ಒಡೆಯನಲ್ಲ, ನಡುದಾರಿಯ ಒಂದು ಬಾವಿ ಮಾತ್ರ. ತನ್ನ ಬಾವಿಗೆ ತಾಯಿಬಾವಿಯ ಹಂಗಿಲ್ಲ, ತನಗೆ ಮಾತ್ರ ಹೊಸ ದರ್ಶನವಾಗಿದೆ ಎನ್ನುವವನ ಬಾವಿಯೊಳಗೆ ಒಮ್ಮೆ ಇಣುಕಿ ನೋಡಬೇಕು.

ದೇವರ ಹೆಸರಿನ ವ್ಯಾಪಾರ

ಪೇತ್ರರ ಪತ್ರ ಕೊಡುವ ಮೊದಲ ಗುರುತು ಹಣ. ಕಟ್ಟುಕಥೆಯ ಮಾತುಗಳಿಂದ ಅವರು ನಿಮ್ಮನ್ನೇ ಸರಕಾಗಿಸಿಕೊಳ್ಳುತ್ತಾರೆ ಎಂಬ ಅರ್ಥದ ಮಾತು ಅಲ್ಲಿದೆ. ಮೂಲದ ಕ್ರಿಯಾಪದ ಸಂತೆಯ ವ್ಯಾಪಾರಿಗಳ ಭಾಷೆಯದು. ಪಕ್ಕದಲ್ಲೇ ಬಿಳಾಮನ ಹೆಸರು ಬರುತ್ತದೆ. ಕೂಲಿಯ ಆಸೆಗೆ ಶಪಿಸಲು ಹೊರಟ ಆ ದಾರ್ಶನಿಕನಿಗೆ ದಾರಿಯಲ್ಲಿ ನಿಂತ ದೇವದೂತ ಕಾಣಲಿಲ್ಲ, ಅವನ ಕತ್ತೆಗೆ ಕಂಡಿತು. ಬೈಬಲ್ಲಿನ ಹಾಸ್ಯ ಕೆಲವೊಮ್ಮೆ ಬಹಳ ಹರಿತ.

ಇಂದು ಅನೇಕ ವೇದಿಕೆಗಳಿಂದ, ಮೊಬೈಲಿನ ಪರದೆಗಳಿಂದ ಕೇಳಿಬರುವ ಒಂದು ಬೋಧನೆಯನ್ನು ನೀವೂ ಬಲ್ಲಿರಿ: ಕಾಣಿಕೆಯೆಂಬ ಬೀಜವನ್ನು ಬೋಧಕನ ಕೈಯಲ್ಲಿ ಬಿತ್ತಿರಿ, ದೇವರು ನೂರ್ಮಡಿ ಹಿಂತಿರುಗಿಸುವನು. ಇದಕ್ಕೆ ಆಧಾರವಾಗಿ ಪೌಲರು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಒಂಬತ್ತನೆಯ ಅಧ್ಯಾಯವನ್ನು ಎತ್ತಿ ತೋರಿಸುತ್ತಾರೆ. ಆ ಅಧ್ಯಾಯವನ್ನು ಅದರ ಹಿಂದಿನ ಎಂಟನೆಯ ಅಧ್ಯಾಯದೊಡನೆ ಪೂರ್ತಿಯಾಗಿ ಓದಿರಿ. ಪೌಲರು ಅಲ್ಲಿ ಸಂಗ್ರಹಿಸುತ್ತಿರುವುದು ಜೆರುಸಲೇಮಿನ ಬಡ ವಿಶ್ವಾಸಿಗಳಿಗಾಗಿ, ತಮಗಾಗಿ ಅಲ್ಲ. ಅಷ್ಟೇ ಅಲ್ಲ, ಹಣದ ವಿಷಯದಲ್ಲಿ ಯಾರೂ ತಮ್ಮ ಮೇಲೆ ಅಪವಾದ ಹೊರಿಸಬಾರದೆಂದು ಅದನ್ನು ಕೊಂಡೊಯ್ಯಲು ಸಭೆಗಳೇ ಆರಿಸಿದವರನ್ನು ಜೊತೆಗಿಟ್ಟುಕೊಳ್ಳುತ್ತಾರೆ. ಲೆಕ್ಕಪತ್ರದ ಪಾರದರ್ಶಕತೆಯನ್ನು ಕಲಿಸುವ ಅಧ್ಯಾಯಗಳನ್ನೇ ಲೆಕ್ಕವಿಲ್ಲದ ವಸೂಲಿಗೆ ಬಳಸುವುದು ಎಂಥ ವಿಪರ್ಯಾಸ! ತೊಗರಿ ಬಿತ್ತುವ ನಮ್ಮ ರೈತನಿಗೆ ಬೀಜ ಎಂದರೆ ಏನೆಂದು ಗೊತ್ತು. ಬಿತ್ತಿದ್ದೆಲ್ಲ ನೂರ್ಮಡಿಯಾಗುವುದೆಂದು ಮಾತು ಕೊಡುವವನು ಹೊಲ ಕಂಡವನಲ್ಲ.

ಪೌಲರು ಕೊರಿಂಥದಲ್ಲಿ ಗುಡಾರ ಹೊಲಿದು ತಮ್ಮ ಅನ್ನ ತಾವೇ ದುಡಿದರು. ‘ದಿದಾಖೆ’ ಎಂಬ ಆದಿ ಕ್ರೈಸ್ತ ಕೈಪಿಡಿಯೊಂದಿದೆ; ಅದರ ಪ್ರತಿ 1873ರಲ್ಲಿ ಕಾನ್‌ಸ್ಟಾಂಟಿನೋಪಲಿನಲ್ಲಿ ಪತ್ತೆಯಾಗಿ 1883ರಲ್ಲಿ ಅಚ್ಚಾಯಿತು. ಊರೂರು ಸುತ್ತುವ ಬೋಧಕರನ್ನು ಪರೀಕ್ಷಿಸುವ ಅದರ ಕ್ರಮ ಬಹಳ ಸರಳ. ಬಂದವನು ಒಂದು ದಿನ, ಹೆಚ್ಚೆಂದರೆ ಎರಡು ದಿನ ಉಳಿಯಲಿ. ಮೂರನೆಯ ದಿನವೂ ಉಳಿದರೆ ಸುಳ್ಳು ಪ್ರವಾದಿ. ಹೊರಡುವಾಗ ದಾರಿಯ ರೊಟ್ಟಿ ಬಿಟ್ಟು ಹಣ ಕೇಳಿದರೆ ಸುಳ್ಳು ಪ್ರವಾದಿ. ಆತ್ಮಾವೇಶದಲ್ಲಿ ತನಗೆ ಹಣ ಕೊಡಿರೆಂದರೆ ಅವನ ಮಾತಿಗೆ ಕಿವಿಗೊಡಬೇಡಿ. ಬಡವರಿಗಾಗಿ ಕೇಳಿದರೆ ತೀರ್ಪು ಮಾಡಬೇಡಿ.

ಈ ವಿವೇಕ ಕಲ್ಯಾಣದ ನೆಲಕ್ಕೆ ಪರಕೀಯವಲ್ಲ. 12ನೆಯ ಶತಮಾನದ ಶರಣರು ಗುರುವಾದರೂ ಕಾಯಕದಿಂದ ಬಿಡುಗಡೆಯಿಲ್ಲ ಎಂದವರು. ನುಡಿಗೂ ನಡೆಗೂ ನಡುವಿನ ಬಿರುಕನ್ನು ಅವರಷ್ಟು ನಿಷ್ಠುರವಾಗಿ ಎತ್ತಿ ತೋರಿದವರು ವಿರಳ. ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಪತ್ನಿ ಲಕ್ಕಮ್ಮ ಆ ಹೆಚ್ಚಳವನ್ನು ಒಪ್ಪದೆ ಹಿಂದಿರುಗಿಸಿ ಬರಲು ಹೇಳಿದ ಕಥೆಯನ್ನು ಈ ಸೀಮೆಯ ಮಕ್ಕಳೂ ಬಲ್ಲರು. ಭಕ್ತಿಯ ಹೆಸರಲ್ಲಿ ಬಂದದ್ದೆಲ್ಲ ಪ್ರಸಾದವಲ್ಲ ಎಂದು ಗುರುತಿಸಿದವಳು ಮನೆಯ ಗೃಹಿಣಿ. ಬೋಧನೆಯನ್ನು ಪರೀಕ್ಷಿಸುವುದು ಪಂಡಿತರ ಕೆಲಸವೆಂದು ಕೈಕಟ್ಟಿ ಕೂರುವ ನಮ್ಮ ಕುಟುಂಬಗಳು ಲಕ್ಕಮ್ಮನನ್ನು ನೆನೆಯಲಿ.

ಹೊಳಪಿನ ಪರೀಕ್ಷೆ

ಎರಡನೆಯ ಗುರುತು ಹಣಕ್ಕಿಂತ ಸೂಕ್ಷ್ಮ. ಯೆರೆಮೀಯನ ಗ್ರಂಥದ 28ನೆಯ ಅಧ್ಯಾಯದಲ್ಲಿ ಹನನ್ಯ ಎಂಬ ಪ್ರವಾದಿ ದೇವಾಲಯದಲ್ಲಿ ಎಲ್ಲರೆದುರು ನಿಂತು, ಬಾಬಿಲೋನಿನ ನೊಗ ಎರಡೇ ವರ್ಷಗಳಲ್ಲಿ ಮುರಿಯುವುದೆಂದು ಸಾರುತ್ತಾನೆ. ಅವನ ಮಾತಿನಲ್ಲಿ ದೇವರ ಹೆಸರಿದೆ, ದೇಶಪ್ರೇಮವಿದೆ, ಸಾಂತ್ವನವಿದೆ. ಯೆರೆಮೀಯನು ಹೇಳುತ್ತಿದ್ದುದು ಎಪ್ಪತ್ತು ವರ್ಷಗಳ ಮಾತು. ಹನನ್ಯನ ಭವಿಷ್ಯವಾಣಿಗೆ ಯೆರೆಮೀಯನ ಮೊದಲ ಪ್ರತಿಕ್ರಿಯೆ ಕೋಪವಲ್ಲ; ‘ಆಮೆನ್’. ಹಾಗೆಯೇ ಆಗಲಿ ಎಂದು ಅವನೂ ಹಾರೈಸುತ್ತಾನೆ. ನಿಜವಾದ ಪ್ರವಾದಿಗೆ ಕೆಟ್ಟ ಸುದ್ದಿ ಹೇಳುವ ಹಂಬಲವಿರುವುದಿಲ್ಲ. ಇಲ್ಲದ ಶುಭವನ್ನು ಹೇಳುವ ಧೈರ್ಯ ಮಾತ್ರ ಅವನಿಗಿಲ್ಲ.

ಕೊಹಿನೂರ ಎಂಬ ಹೆಸರು ಕೇಳಿದೊಡನೆ ಹೊರಗಿನವರಿಗೆ ನೆನಪಾಗುವುದು ವಜ್ರ. ನಮ್ಮ ಊರಿಗೂ ಆ ವಜ್ರಕ್ಕೂ ಹೆಸರಿನ ಹೋಲಿಕೆ ಹೇಗೇ ಇರಲಿ, ಆ ವಜ್ರದ ಒಂದು ಪ್ರಸಂಗ ನಮಗಿಲ್ಲಿ ಉಪಯುಕ್ತ. 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನದಲ್ಲಿ ಅದನ್ನು ಇಟ್ಟಾಗ ಮುಗಿಬಿದ್ದು ಬಂದ ಜನ ನಿರಾಶರಾದರು. ಅವರು ಎಣಿಸಿದ ಥಳಕು ಅದರಲ್ಲಿರಲಿಲ್ಲ. ಮರುವರ್ಷವೇ ಅದನ್ನು ಮತ್ತೆ ಕತ್ತರಿಸಿ ಹೊಳಪು ಕೊಟ್ಟರು. ಸುಮಾರು 186 ಕ್ಯಾರೆಟ್ ಇದ್ದುದು ಸುಮಾರು 106ಕ್ಕೆ ಇಳಿಯಿತು. ನೋಟಕರ ಕಣ್ಣಿಗೆ ಒಗ್ಗಿಸಲು ವಜ್ರದ ಅರ್ಧಕ್ಕೆ ತುಸು ಕಡಿಮೆ ತೂಕವನ್ನೇ ಕಳೆದುಕೊಂಡರು. ಶುಭಸಂದೇಶವನ್ನೂ ಹೀಗೆ ಕತ್ತರಿಸುವವರಿದ್ದಾರೆ. ಶಿಲುಬೆಯ ತೂಕ ಇಳಿಸಿದರೆ ಹೊಳಪು ಹೆಚ್ಚುತ್ತದೆ. ಸೈತಾನನೂ ಬೆಳಕಿನ ದೂತನ ವೇಷ ಹಾಕಬಲ್ಲನೆಂದು ಪೌಲರು ಕೊರಿಂಥದವರನ್ನು ಎಚ್ಚರಿಸಿದ್ದು ಸುಮ್ಮನೆ ಅಲ್ಲ.

ಈ ಹೊಳಪು ಅತ್ಯಂತ ಅಪಾಯಕಾರಿಯಾಗುವುದು ರೋಗಿಯ ಹಾಸಿಗೆಯ ಪಕ್ಕದಲ್ಲಿ. ಪ್ರಾರ್ಥಿಸಿದ ಮೇಲೆ ಔಷಧ ನುಂಗುವುದು ಅವಿಶ್ವಾಸ ಎಂಬ ಬೋಧನೆಗೆ ಕಿವಿಗೊಟ್ಟು ಸಕ್ಕರೆ ಕಾಯಿಲೆಯ, ಕ್ಷಯದ, ಅಪಸ್ಮಾರದ ಮಾತ್ರೆಗಳನ್ನು ಬಿಟ್ಟವರ ಪಾಡು ಏನಾಗುತ್ತದೆಂದು ಯಾವ ವೈದ್ಯರನ್ನು ಕೇಳಿದರೂ ಹೇಳುವರು. ಗುಣವಾಗದಿದ್ದರೆ ತಪ್ಪು ಬೋಧಕನದಲ್ಲ, ರೋಗಿಯ ವಿಶ್ವಾಸದ ಕೊರತೆಯದು! ನೊಂದವನ ಹೆಗಲಿಗೆ ಪಾಪದ ಭಾರವನ್ನೂ ಹೊರಿಸುವ ಈ ತರ್ಕಕ್ಕಿಂತ ಕ್ರೂರವಾದುದು ಯಾವುದು? ನಮ್ಮ ಕಥೋಲಿಕ ಬೈಬಲ್ಲಿನ ಸಿರಾಖನ ಗ್ರಂಥದ 38ನೆಯ ಅಧ್ಯಾಯ ವೈದ್ಯನನ್ನು ಗೌರವಿಸಲು ಹೇಳುತ್ತದೆ, ಮದ್ದು ದೇವರು ಭೂಮಿಯಿಂದ ಬೆಳೆಸಿದ್ದೆಂದು ಕಲಿಸುತ್ತದೆ. ಅದೇ ಉಸಿರಿನಲ್ಲಿ ಪ್ರಾರ್ಥನೆಯನ್ನೂ ಹೇಳುತ್ತದೆ. 2000ದ ಸೆಪ್ಟೆಂಬರ್ 14ರಂದು ವಿಶ್ವಾಸ ಬೋಧನಾ ಪೀಠವು ಗುಣಪ್ರಾರ್ಥನೆಗಳ ಕುರಿತು ಹೊರಡಿಸಿದ ಸೂಚನಾಪತ್ರ ಇಂಥ ಪ್ರಾರ್ಥನೆಯನ್ನು ನಿಷೇಧಿಸಲಿಲ್ಲ. ಆದರೆ ಉನ್ಮಾದ, ಕೃತಕತೆ, ನಾಟಕೀಯತೆ, ರೋಚಕತೆಗಳಿಗೆ ಅಲ್ಲಿ ಎಡೆಯಿರಬಾರದೆಂದು, ಅದರಲ್ಲೂ ನಡೆಸಿಕೊಡುವವರಲ್ಲಿ ಇವು ಸಲ್ಲವೆಂದು ಸ್ಪಷ್ಟಪಡಿಸಿತು. ನಮ್ಮ ಕಥೋಲಿಕ ಕೂಟಗಳಿಗೇ ಬರೆದ ನಿಯಮವದು ಎಂಬುದನ್ನು ಮರೆಯಬಾರದು.

ಕೇಳುವ ಕಿವಿಯ ಪಾತ್ರ

ಸುಳ್ಳು ಬೋಧಕನನ್ನು ಹುಟ್ಟಿಸುವವರು ಯಾರು? ತಿಮೊಥೇಯನಿಗೆ ಬರೆದ ಎರಡನೆಯ ಪತ್ರದ ನಾಲ್ಕನೆಯ ಅಧ್ಯಾಯ ಕೊಡುವ ಉತ್ತರ ನಮ್ಮನ್ನು ಕಸಿವಿಸಿಗೊಳಿಸುತ್ತದೆ. ಕಿವಿಯ ನವೆ ತೀರಿಸಿಕೊಳ್ಳಲು ಜನರೇ ತಮಗೆ ಬೇಕಾದ ಬೋಧಕರನ್ನು ಗುಡ್ಡೆ ಹಾಕಿಕೊಳ್ಳುತ್ತಾರೆ ಎಂಬುದು ಅದರ ಆಶಯ. ಅಂಗಡಿಯಲ್ಲಿ ಸರಕಿರುವುದು ಗಿರಾಕಿ ಇರುವುದರಿಂದ. ಲೋಕಾಂತ್ಯದ ದಿನವನ್ನು ಯಾರೂ ಅರಿಯರೆಂದು ಪ್ರಭುವೇ ಹೇಳಿದ್ದರೂ, 2011ರ ಮೇ 21ಕ್ಕೆ ಅಂತ್ಯ ಶುರುವಾಗುವುದೆಂದು ಅಮೆರಿಕದ ರೇಡಿಯೋ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ ಸಾರಿದಾಗ ಅನೇಕ ದೇಶಗಳಲ್ಲಿ ಫಲಕಗಳು ಎದ್ದವು. ಕೆಲವರು ಉಳಿತಾಯವನ್ನೇ ಅದಕ್ಕೆ ಸುರಿದರು. ಆ ದಿನ ಬಂತು, ಹೋಯಿತು. ಹಳ್ಳಿಗೆ ಗುರುಗಳು ತಿಂಗಳಿಗೊಮ್ಮೆ ಬರುವಲ್ಲಿ, ಉಪದೇಶಿಗಳು ವಿರಳವಾಗಿರುವಲ್ಲಿ, ದಿನದ ಇಪ್ಪತ್ನಾಲ್ಕು ಗಂಟೆಯೂ ಮಾತನಾಡಬಲ್ಲ ಮೊಬೈಲ್ ಆ ಖಾಲಿ ಜಾಗವನ್ನು ತುಂಬುವುದು ಸಹಜ. ಆದರೆ ಪರದೆಯ ಬೋಧಕನಿಗೆ ನಿಮ್ಮ ಹೆಸರು ಗೊತ್ತಿಲ್ಲ. ನಿಮ್ಮ ಮನೆಯ ಸಾವಿಗೆ ಅವನು ಬರಲಾರ. ಕಾಯುವವನಿಗೂ ಕೂಲಿಯವನಿಗೂ ಪ್ರಭು ಯೇಸು ತೋರಿದ ವ್ಯತ್ಯಾಸವೇ ಅದಲ್ಲವೇ?

ಬೆರೋಯದ ಜನ ಪೌಲರಂಥವರ ಮಾತನ್ನೇ ಪ್ರತಿದಿನ ಪವಿತ್ರ ಗ್ರಂಥದೊಡನೆ ತಾಳೆನೋಡಿದರು. ಅದಕ್ಕೆ ಪ್ರೇಷಿತರ ಕಾರ್ಯಕಲಾಪಗಳ ಗ್ರಂಥ ಅವರನ್ನು ಹೊಗಳುತ್ತದೆಯೇ ಹೊರತು ಉದ್ಧಟರೆನ್ನುವುದಿಲ್ಲ.

ಈ ಪತ್ರಗಳ ಮಿತಿ

ಇಷ್ಟೆಲ್ಲ ಹೇಳಿದ ಮೇಲೆ ವಿಮರ್ಶೆಯ ಇನ್ನೊಂದು ಬದಿಯನ್ನೂ ಹೇಳದಿದ್ದರೆ ಅನ್ಯಾಯವಾದೀತು. ಪೇತ್ರರ ಎರಡನೆಯ ಪತ್ರವೂ ಯೂದನ ಪತ್ರವೂ ಎದುರಾಳಿಗಳ ನಡತೆಯನ್ನು ಬಿರುಸಾಗಿ ಖಂಡಿಸುತ್ತವೆ. ಅವರು ನಿಖರವಾಗಿ ಏನು ಬೋಧಿಸಿದರೆಂಬುದನ್ನು ಮಾತ್ರ ಅರೆಬರೆಯಾಗಿ ತಿಳಿಸುತ್ತವೆ. ನಾಯಿ, ಹಂದಿಯ ಗಾದೆಗಳು ಆ ಕಾಲದ ವಾಗ್ವಾದದ ಶೈಲಿ. ಆ ಶೈಲಿಯನ್ನಷ್ಟೇ ಎತ್ತಿಕೊಂಡು ಭಿನ್ನಾಭಿಪ್ರಾಯವಿರುವ ಎಲ್ಲರನ್ನೂ ತೋಳವೆಂದು ಕರೆದ ಇತಿಹಾಸ ನಮ್ಮ ಧರ್ಮಸಭೆಗೂ ಇದೆ.

ಕರ್ನಾಟಕದ ಕರಾವಳಿಯ ಬ್ರಹ್ಮಾವರದ ಪ್ರಸಂಗವನ್ನು ನೋಡಿರಿ. 1886ರಲ್ಲಿ ಪವಿತ್ರ ಪೀಠ ಮತ್ತು ಪೋರ್ಚುಗಲ್ ನಡುವೆ ಆದ ಒಪ್ಪಂದದ ನಂತರ ಗೋವೆಯ ಅಧಿಕಾರಕ್ಕೊಳಪಟ್ಟಿದ್ದ ಕರಾವಳಿಯ ಧರ್ಮಕೇಂದ್ರಗಳು ಮಂಗಳೂರಿನ ವ್ಯಾಪ್ತಿಗೆ ಬಂದವು. ಒಪ್ಪದ ಕೆಲವು ಕುಟುಂಬಗಳು ಗೋವೆಯ ಗುರು ಆಂಟೋನಿಯೊ ಫ್ರಾನ್ಸಿಸ್ಕೊ ಶಾವಿಯೆರ್ ಆಲ್ವಾರಿಸ್ ಅವರ ಚಳವಳಿಯನ್ನು ಸೇರಿದವು. ಆಲ್ವಾರಿಸ್ 1889ರಲ್ಲಿ ಕೊಟ್ಟಾಯಂನಲ್ಲಿ ಸಿರಿಯನ್ ಸಭೆಯಿಂದ ಮಾರ್ ಜೂಲಿಯಸ್ ಎಂಬ ಹೆಸರಿನಲ್ಲಿ ಧರ್ಮಾಧ್ಯಕ್ಷ ದೀಕ್ಷೆ ಪಡೆದರು. ಅಂದಿನ ಕಥೋಲಿಕ ಅಧಿಕಾರಿಗಳ ಕಣ್ಣಿಗೆ ಅವರು ಮಂದೆಯನ್ನು ಚದುರಿಸಿದವರು; ಬಹಿಷ್ಕಾರಕ್ಕೂ ಗುರಿಯಾದರು. ಧರ್ಮಸಭೆಯ ಐಕ್ಯ ಒಡೆದದ್ದು ನಿಜವಾದ ಗಾಯವೇ. ಅದನ್ನು ಹಗುರವಾಗಿ ಕಾಣಲಾಗದು. ಆದರೂ ಆ ಮನುಷ್ಯ ಬಡವರ, ರೋಗಿಗಳ ಸೇವೆಯಲ್ಲಿ ಬದುಕು ಸವೆಸಿ, 1923ರಲ್ಲಿ ಗೋವೆಯ ರಿಬಂದರ್ ಆಸ್ಪತ್ರೆಯಲ್ಲಿ ತೀರಿಕೊಂಡರು. ಬ್ರಹ್ಮಾವರದ ಆ ಸಮುದಾಯ ಇಂದಿಗೂ ಮಲಂಕರ ಆರ್ಥೊಡಾಕ್ಸ್ ಸಭೆಯ ಭಾಗವಾಗಿ ಪ್ರಾರ್ಥಿಸುತ್ತಿದೆ. ಪ್ರಭು ಕೊಟ್ಟದ್ದು ಫಲದ ಪರೀಕ್ಷೆ. ಆ ಪರೀಕ್ಷೆಯನ್ನು ನಾವು ನಮಗೆ ಒಪ್ಪದವರಿಗೂ ಪ್ರಾಮಾಣಿಕವಾಗಿ ಅನ್ವಯಿಸಬೇಕು. ಅಧಿಕಾರವ್ಯಾಪ್ತಿಯ ಜಗಳ ಬೇರೆ, ಆತ್ಮಗಳನ್ನು ಮಾರಿಕೊಳ್ಳುವ ಬೋಧನೆ ಬೇರೆ. ಎರಡನೆಯ ವ್ಯಾಟಿಕನ್ ಮಹಾಸಭೆ 1964ರ ಐಕ್ಯತೆಯ ಆಜ್ಞಾಪತ್ರದಲ್ಲಿ ಅಗಲಿದವರನ್ನು ಸಹೋದರರೆಂದು ಕರೆದದ್ದು ಈ ವಿವೇಕದಿಂದಲೇ. ಬೀದರ ಜಿಲ್ಲೆಯಲ್ಲಿ ನಮಗಿಂತ ಬಹು ಮುಂಚೆ ಶಾಲೆ, ಆಸ್ಪತ್ರೆಗಳ ಮೂಲಕ ಸೇವೆಗೈದ ಮೆಥಡಿಸ್ಟ್ ಬಂಧುಗಳ ನಡುವೆ ಬಾಳುವ, 2005ರಲ್ಲಷ್ಟೇ ರೂಪುಗೊಂಡ ಕಲಬುರಗಿ ಧರ್ಮಪ್ರಾಂತ್ಯದ ನಾವು ಇದನ್ನು ವಿಶೇಷವಾಗಿ ನೆನಪಿಡಬೇಕು.

ಹಾಗೆಯೇ ಈ ಎಚ್ಚರಿಕೆಗಳು ಗುರುವರ್ಗವನ್ನು ಹೊರಗಿಡುವುದಿಲ್ಲ. ಪೌಲರು ಮಿಲೇತದಲ್ಲಿ ಕಣ್ಣೀರಿಡುತ್ತಾ ಎಚ್ಚರಿಸಿದ್ದು ಎಫೆಸದ ಸಭಾಹಿರಿಯರನ್ನು; ನಿಮ್ಮೊಳಗಿಂದಲೇ ಕೆಲವರು ಏಳುವರೆಂದು. ಯೆಜೆಕಿಯೇಲನ 34ನೆಯ ಅಧ್ಯಾಯ ಕುರಿಗಳ ಉಣ್ಣೆಯನ್ನು ಹೊದ್ದು ಕುರಿಗಳನ್ನು ಮೇಯಿಸದ ಕುರುಬರ ಬಗ್ಗೆ. ಸಂಸ್ಕಾರವನ್ನು ಶುಲ್ಕದ ಮೇಲೆ ಅಳೆಯುವ ಗುರು, ನೊವೇನವನ್ನು ಫಲ ಕೊಡುವ ಯಂತ್ರವೆಂಬಂತೆ ಪ್ರಚಾರ ಮಾಡುವ ಧರ್ಮಕೇಂದ್ರ, ಪೀಠದಿಂದ ಕರುಣೆ ಬೋಧಿಸಿ ಕಚೇರಿಯಲ್ಲಿ ಬಡವನನ್ನು ಗದರುವ ನಡತೆ, ಇವೆಲ್ಲ ಬತ್ತಿದ ಬಾವಿಗಳೇ. ಕಟ್ಟೆಯ ಮೇಲೆ ಶಿಲುಬೆ ಇದೆ, ಅಷ್ಟೇ.

ಮನೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಹಾಗಾದರೆ ಒಂದು ಸಾಮಾನ್ಯ ಕುಟುಂಬ ಮಾಡಬೇಕಾದದ್ದೇನು? ಹೊಸ ಬೋಧಕನ ಮಾತು ಮನೆಯೊಳಗೆ ಬಂದಾಗ ರಾತ್ರಿಯ ಪ್ರಾರ್ಥನೆಯ ನಂತರ ಕೂತು ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ. ಈತ ಹೇಳುವ ಯೇಸು ಶಿಲುಬೆಯನ್ನು ಹೊತ್ತವನೋ, ಹೊಳಪನ್ನು ಮಾತ್ರ ಹೊತ್ತವನೋ? ನಾವು ಕೊಟ್ಟ ಹಣ ಎಲ್ಲಿಗೆ ಹೋಗುತ್ತದೆ, ಲೆಕ್ಕ ಕೇಳಿದರೆ ಸಿಗುತ್ತದೆಯೇ? ಎತ್ತಿದ ವಚನದ ಹಿಂದುಮುಂದನ್ನು ಓದಲು ಹೇಳುತ್ತಾನೆಯೇ, ಓದಬೇಡವೆನ್ನುತ್ತಾನೆಯೇ? ವೈದ್ಯರಿಂದ, ಹೆತ್ತವರಿಂದ, ನೆರೆಹೊರೆಯ ಲಿಂಗಾಯತ, ಮುಸ್ಲಿಂ ಬಂಧುಗಳಿಂದ ನಮ್ಮನ್ನು ದೂರ ಮಾಡುತ್ತಾನೆಯೇ? ಅವನನ್ನು ಪ್ರಶ್ನಿಸಬಲ್ಲವರು ಯಾರಾದರೂ ಇದ್ದಾರೆಯೇ? ಇದೇ ಪ್ರಶ್ನೆಗಳನ್ನು ನಿಮ್ಮ ಧರ್ಮಕೇಂದ್ರದ ಗುರುಗಳಿಗೂ ಕೇಳಿರಿ. ಒಳ್ಳೆಯ ಗುರು ನೊಂದುಕೊಳ್ಳಲಾರ.

ಪರೀಕ್ಷೆಯೊಂದೇ ಸಾಲದು. ಪ್ರಕಟನಾ ಗ್ರಂಥದ ಎರಡನೆಯ ಅಧ್ಯಾಯದಲ್ಲಿ ಎಫೆಸದ ಸಭೆ ಸುಳ್ಳು ಪ್ರೇಷಿತರನ್ನು ಪರೀಕ್ಷಿಸಿ ಪತ್ತೆಹಚ್ಚಿದ್ದಕ್ಕೆ ಪ್ರಶಂಸೆ ಪಡೆಯುತ್ತದೆ. ಅದರ ಬೆನ್ನಲ್ಲೇ ಮೊದಲಿನ ಪ್ರೀತಿಯನ್ನು ಕೈಬಿಟ್ಟಿತೆಂಬ ಆಕ್ಷೇಪಣೆಯನ್ನೂ ಕೇಳುತ್ತದೆ. ತೋಳ ಕಾಯುತ್ತಾ ಕಾಯುತ್ತಾ ಕುರಿಯನ್ನು ಪ್ರೀತಿಸುವುದನ್ನೇ ಮರೆತ ಸಭೆಯದು. ಮಗನೋ ಸೊಸೆಯೋ ಯಾವುದೋ ಕೂಟದ ಬೆನ್ನು ಹತ್ತಿ ಹೋದರೆ ಮನೆಯ ಬಾಗಿಲು ಮುಚ್ಚಬೇಡಿರಿ. ಅಷ್ಟು ಬಿರುಸಾಗಿ ಬರೆದ ಯೂದನೇ ತನ್ನ ಪತ್ರದ ಕೊನೆಯಲ್ಲಿ ಸಂಶಯದಲ್ಲಿರುವವರಿಗೆ ಕರುಣೆ ತೋರಿಸಲು ಹೇಳುತ್ತಾನೆ. ಬತ್ತಿದ ಬಾವಿಯಿಂದ ಬಾಯಾರಿ ಮರಳಿದವರಿಗೆ ಬೇಕಾದದ್ದು ನಮ್ಮ ಬಯ್ಗುಳವಲ್ಲ, ಒಂದು ಚೊಂಬು ನೀರು. ಅದನ್ನು ಕೊಡುವಷ್ಟು ಸೆಲೆ ನಮ್ಮ ಮನೆಗಳಲ್ಲಿ, ನಮ್ಮ ಧರ್ಮಕೇಂದ್ರಗಳಲ್ಲಿ ಉಳಿದಿದೆಯೇ ಎಂದು ನೋಡಿಕೊಳ್ಳುವುದು ಈ ಪತ್ರಗಳು ನಮಗೆ ಒಪ್ಪಿಸುವ ಕೆಲಸ.